ಗಾಳಿಕುಂಚದ ಪ್ರಥಮ ಪಾಠ

ಕಳೆದ ಬೇಸಗೆಯ ರಜೆಯಲ್ಲಿ ನಮ್ಮ ಮೊಮ್ಮಗನು ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಪ್ಲಾಸ್ಟಿಕ್ ಪ್ರತಿಕೃತಿಯೊಂದನ್ನು ಮೂರು ವಾರ ಕುಳಿತು ಜೋಡಿಸಿದನು. ನಿಜವಾದ ವಿಮಾನದ 72ರಲ್ಲಿ ಒಂದು ಪಾಲಿನ ಅಳತೆಯಾದುದರಿಂದ ಅದರ ರೆಕ್ಕೆಗಳ ಹರವು ಆರು ಅಂಗುಲಕ್ಕೆ ತುಸು ಮಿಗಿಲು. ಬಣ್ಣ ಹಾಕುವುದಕ್ಕೆಂದು ನಮ್ಮ ಮಗನು ಏರ್‌ಬ್ರಷ್, ಎಂದರೆ ಗಾಳಿಕುಂಚವನ್ನು ತಂದುಕೊಟ್ಟನು. ಬಣ್ಣವು ತೆಳುವಾಗಿ ಕಂಡಿತು. ಆ ವಿದ್ಯೆಯ ಗಂಧವನ್ನೂ ಅರಿಯದ ನಾವು, "ಇನ್ನಷ್ಟು ಹೊಡೆಯಪ್ಪ" ಎಂದೆವು. ಕ್ಷಣಮಾತ್ರದಲ್ಲಿ ಬಣ್ಣವು ರೆಕ್ಕೆಯ ಮೇಲೆ ಧಾರೆಯಾಗಿ ಹರಿಯಿತು. ಹುಡುಗನು ಮಾತಾಡದೆ ಎದ್ದುಹೋದನು. ತಪ್ಪು ನಮ್ಮದೇ. ಆ ಬಳಿಕ ಅವನೊಡನೆ ಕುಳಿತು ಕಲಿತುದನ್ನು ವಾಚಕರ ಉಪಯೋಗಾರ್ಥವಾಗಿ ಇಲ್ಲಿ ನಿವೇದಿಸುತ್ತೇವೆ.

ಈ ಉಪಕರಣದಲ್ಲಿ ಒತ್ತಡದ ಗಾಳಿಯು ಬಟ್ಟಲಿನ ಬಣ್ಣವನ್ನು ಸೆಳೆದು, ಮಂಜಿನಂತೆ ಒಡೆದು ಚಿಮ್ಮಿಸುತ್ತದೆ. ಕಲಿಯುವವರಿಗೆ 0.3 ಮಿಲಿಮೀಟರಿನ ಸೂಜಿಯುಳ್ಳ ದ್ವಿಕ್ರಿಯೆಯ ಕುಂಚವು ಒಳ್ಳೆಯದು. ಅದರ ಗುಂಡಿಯನ್ನು ಕೆಳಕ್ಕೆ ಒತ್ತಿದರೆ ಗಾಳಿ. ಹಿಂದಕ್ಕೆ ಎಳೆದರೆ ಬಣ್ಣ. ತೊಡಗುವಾಗ ಮೊದಲು ಗಾಳಿ, ಅನಂತರ ಬಣ್ಣ; ನಿಲ್ಲಿಸುವಾಗ ಮೊದಲು ಬಣ್ಣ, ಕಡೆಗೆ ಗಾಳಿ. ಈ ಕ್ರಮವನ್ನು ಕೈಯು ಮರೆಯಕೂಡದು. ಬಣ್ಣವನ್ನು ಅದಕ್ಕೆ ತಕ್ಕ ಥಿನ್ನರ್ ಬೆರೆಸಿ ಹಾಲಿನ ಹದಕ್ಕೆ ತರಬೇಕು. ಒತ್ತಡವು ಚದರ ಅಂಗುಲಕ್ಕೆ 15ರಿಂದ 20 ಪೌಂಡು ಸಾಕು. ಕುಂಚದ ಮೂತಿಯು ಎರಡು ಮೂರು ಅಂಗುಲ ದೂರವಿದ್ದು, ಕೈಯು ಎಲ್ಲಿಯೂ ನಿಲ್ಲದೆ ಸರಿಯುತ್ತಿರಬೇಕು. ತೀರ ಹತ್ತಿರವಾದರೆ ಬಣ್ಣವು ಹರಿಯುವುದು. ದೂರವಾದರೆ ಹಾದಿಯಲ್ಲಿಯೇ ಒಣಗಿ ಮರಳಿನಂತೆ ಕೂರುವುದು. ಕೆಲಸ ಮುಗಿದೊಡನೆ ಕುಂಚವನ್ನು ತೊಳೆಯತಕ್ಕದ್ದು. ಒಣಗಿದ ಬಣ್ಣವು ಮೂತಿಯನ್ನು ಮುಚ್ಚಿಬಿಡುತ್ತದೆ.

ಮನೆಯ ತಾಯಂದಿರಿಗೆ ಒಂದು ಮಾತು. ಈ ಮಂಜು ಅತಿ ಸೂಕ್ಷ್ಮವಾಗಿ ಶ್ವಾಸಕೋಶವನ್ನು ಸೇರಬಲ್ಲುದು. ಮೂಗಿಗೆ ಬಟ್ಟೆ ಕಟ್ಟಿದರೆ ಸಾಲದು. ಶೋಧಕವುಳ್ಳ ಮುಖವಾಡವೂ ತೆರೆದ ಕಿಟಕಿಯೂ ಅವಶ್ಯ. ಒಲೆ, ದೀಪಗಳ ಸಮೀಪದಲ್ಲಿ ಈ ಕೆಲಸ ಸರ್ವಥಾ ಕೂಡದು.

ಅಕ್ಕಿಯ ಮೇಲೆ ತಿದ್ದಿದ ಮಗುವಿಗೆ ಆಮೇಲಲ್ಲವೆ ಪುಸ್ತಕ ಕೊಡುವುದು? ಇಲ್ಲಿಯೂ ಅದೇ ನ್ಯಾಯ. ಹುಡುಗನು ಎಂಟು ದಿನ ಹಳೆಯ ಕಾಗದದ ಮೇಲೆ ಬರಿಯ ಚುಕ್ಕೆ, ಗೆರೆಗಳನ್ನು ಹಾಕಿದನು. ಅಷ್ಟರಲ್ಲಿ ವಿಮಾನದ ಕೆಟ್ಟ ಬಣ್ಣವು ಪೂರ್ತಿ ಒಣಗಿತ್ತು. ನಯವಾದ ಮರಳುಕಾಗದವನ್ನು ನೀರಿನಲ್ಲಿ ತೋಯಿಸಿ ಅದನ್ನು ಉಜ್ಜಿ, ಬೂದುಬಣ್ಣದ ಪ್ರೈಮರನ್ನು ತೆಳುವಾಗಿ ಹಾಕಿದನು. ಅದು ಒಣಗಿದ ಮೇಲೆ ಹಸುರು. ಮೊದಲನೆಯ ಲೇಪದಲ್ಲಿ ಅಡಿಯ ಬೂದು ಕಾಣುತ್ತಲೇ ಇತ್ತು. ಅವನು ಕೈ ನಿಲ್ಲಿಸಿ, "ಸಾಕೇ ತಾತ?" ಎಂದನು.

"ಒಣಗಲಿ" ಎಂದಷ್ಟೇ ಹೇಳಿದೆವು. ಮೂರನೆಯ ಲೇಪಕ್ಕೆ ರೆಕ್ಕೆಯು ತುಂಬಿ ಬಂದಿತು.