ಮರದಡಿಯ ಸೂರ್ಯಬಿಂಬಗಳು

ಮಳೆ ಕೈಕೊಟ್ಟ ವರ್ಷದಲ್ಲಿ, ಮನೆಯಲ್ಲಿ ರೋಗವೋ ಸಾಲವೋ ಹೊಕ್ಕಿರುವಾಗ, ಪರೀಕ್ಷೆಯ ಚಿಂತೆ ನಿದ್ದೆಗೆಡಿಸಿರುವಾಗ, ಸುತ್ತಲಿನ ಪ್ರಕೃತಿಯನ್ನು ನೋಡಿ ಸಂತೋಷಪಡಿರೆಂದು ಯಾರಾದರೂ ಹೇಳಿದರೆ, ಅದು ಹೊಟ್ಟೆ ತುಂಬಿದವರ ಮಾತೆಂದು ತೋರುವುದು ಸಹಜ. ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುವ ನಾವು ಈ ಆಕ್ಷೇಪವನ್ನು ಹಗುರವಾಗಿ ಎಣಿಸುವುದಿಲ್ಲ. ಆದರೆ ಕಷ್ಟವೆಲ್ಲ ಕಳೆದ ಮೇಲೆ ಸಂತೋಷಪಟ್ಟರಾಯಿತು ಎಂಬ ವಾದವನ್ನು ಮಾತ್ರ ಒಪ್ಪಲಾರೆವು.

ಒಂದು ನಿದರ್ಶನವನ್ನು ನೋಡೋಣ. ನಡುಹಗಲಿನಲ್ಲಿ ದಟ್ಟವಾದ ಮಾವಿನ ಮರದ ಕೆಳಗೆ ನಿಂತರೆ ನೆಲದ ಮೇಲೆ ಬೆಳಕಿನ ಚುಕ್ಕೆಗಳು ಹರಡಿರುವುದನ್ನು ಕಾಣಬಹುದು. ಎಲೆಗಳ ನಡುವಿನ ಸಂದುಗಳಿಗೆ ಒಂದು ಆಕಾರವೆಂಬುದಿಲ್ಲ. ಆದರೂ ಚುಕ್ಕೆಗಳು ಬಹುಮಟ್ಟಿಗೆ ದುಂಡಾಗಿಯೇ ಇರುತ್ತವೆ. ಇದೇಕೆ? ಪ್ರತಿಯೊಂದು ಸಣ್ಣ ಸಂದೂ ಸೂಜಿರಂಧ್ರ ಕ್ಯಾಮರಾದ ರಂಧ್ರದಂತೆ ವರ್ತಿಸುತ್ತದೆ. ನೆಲದ ಮೇಲೆ ಬಿದ್ದಿರುವುದು ಸಂದಿನ ಆಕಾರವಲ್ಲ, ಸೂರ್ಯನ ಬಿಂಬ! ಕಿರಣಗಳು ಓರೆಯಾಗಿ ಬಿದ್ದಲ್ಲಿ ಬಿಂಬವು ಮೊಟ್ಟೆಯಾಕಾರ ತಾಳುತ್ತದೆ. ಕಿರಣಗಳಿಗೆ ಲಂಬವಾಗಿ ಒಂದು ಹಾಳೆಯನ್ನು ಹಿಡಿದರೆ ಮತ್ತೆ ದುಂಡಾಗುತ್ತದೆ. ಸೂರ್ಯನ ದೂರವು ಅದರ ವ್ಯಾಸದ ಸುಮಾರು 108 ಪಟ್ಟು. ಆದುದರಿಂದ ಹಾಳೆಯ ಮೇಲಿನ ಬಿಂಬದ ವ್ಯಾಸವು 5 ಸೆಂಟಿಮೀಟರ್ ಇದ್ದರೆ, ಅದನ್ನು ಮೂಡಿಸಿದ ಸಂದು ಸುಮಾರು 5.4 ಮೀಟರ್ ದೂರದಲ್ಲಿದೆಯೆಂದು ಮರ ಹತ್ತದೆಯೇ ಹೇಳಬಹುದು. 2019ರ ಡಿಸೆಂಬರ್ 26ರ ಗ್ರಹಣದಂದು, ಮೋಡವಿಲ್ಲದೆಡೆಗಳಲ್ಲಿ, ಈ ಚುಕ್ಕೆಗಳೆಲ್ಲವೂ ಕುಡುಗೋಲಿನಂತೆ ಬಾಗಿದ್ದವು.

ಇಂತಹ ನಿತ್ಯದ ನೋಟಗಳನ್ನು ಕುರಿತೇ ಗ್ರಂಥ ರಚಿಸಿದವರು ಹಾಲೆಂಡಿನ ಉಟ್ರೆಕ್ಟ್ ವೀಕ್ಷಣಾಲಯದ ನಿರ್ದೇಶಕರಾಗಿದ್ದ ಮಾರ್ಸೆಲ್ ಮಿನ್ನಾರ್ಟ್. ಬಯಲಿನಲ್ಲಿ ಕಾಣುವ ಬೆಳಕು ಮತ್ತು ಬಣ್ಣಗಳನ್ನು ಕುರಿತ ಅವರ ಪುಸ್ತಕವು ಆರಂಭವಾಗುವುದೇ ಮರದಡಿಯ ಈ ಬಿಂಬಗಳಿಂದ. ನಾಟ್ಸಿ ಮತವನ್ನು ವಿರೋಧಿಸುತ್ತಿದ್ದ ಅವರನ್ನು, ಹಾಲೆಂಡನ್ನು ಆಕ್ರಮಿಸಿಕೊಂಡಿದ್ದ ಜರ್ಮನರು 1942ರಲ್ಲಿ ಸೆರೆಯಲ್ಲಿಟ್ಟರು. 1944ರವರೆಗೂ ಬಂಧನದಲ್ಲಿದ್ದ ಆ ವಿಜ್ಞಾನಿ ಅಲ್ಲಿಯೂ ಸುಮ್ಮನಿರದೆ ಸಹಬಂದಿಗಳಿಗೆ ಭೌತಶಾಸ್ತ್ರವನ್ನೂ ಖಗೋಳಶಾಸ್ತ್ರವನ್ನೂ ಬೋಧಿಸಿದರು. ಆ ಪಾಠಗಳು ಸೆರೆಮನೆಯ ಬಾಗಿಲನ್ನು ತೆರೆಯಲಿಲ್ಲ, ನಿಜ. ಆದರೆ ಬಂಧಿಸಿದವರಿಗೆ ಅವರ ದೂರದರ್ಶಕವನ್ನು ದೂರಮಾಡಲು ಸಾಧ್ಯವಾಯಿತೇ ಹೊರತು, ಅರಿಯುವ ಆನಂದವನ್ನು ಕಸಿಯಲಾಗಲಿಲ್ಲ.

ಬೆಳಕಿನ ಚುಕ್ಕೆಯನ್ನು ಅಳೆದುದರಿಂದ ಸಾಲ ತೀರುವುದಿಲ್ಲ, ಜ್ವರವೂ ಇಳಿಯುವುದಿಲ್ಲ. ಆದರೆ ಅಳೆಯುವ ಆ ಐದು ನಿಮಿಷ ಮನಸ್ಸು ತನ್ನ ಚಿಂತೆಯನ್ನೇ ಸುತ್ತುವುದನ್ನು ಬಿಟ್ಟಿರುತ್ತದೆ. ಬಳಿಕ ಅದೇ ಕಷ್ಟವನ್ನು ಎದುರಿಸುವಾಗ ಕೊಂಚ ತಿಳಿಯಾಗಿರುತ್ತದೆ. ಇದನ್ನು ಪಲಾಯನವೆಂದು ನಾವು ಕರೆಯಲಾರೆವು.

ನಮಗೆ ವ್ಯಥೆ ತರುವ ಸಂಗತಿ ಬೇರೆಯೇ ಇದೆ. ಸೂಜಿರಂಧ್ರ ಕ್ಯಾಮರಾದ ಚಿತ್ರವನ್ನು ಅಂದವಾಗಿ ಬರೆದು ಪೂರ್ಣಾಂಕ ಗಳಿಸುವ ವಿದ್ಯಾರ್ಥಿಗಳು, ಕಾಲೇಜಿನ ಅಂಗಳದಲ್ಲಿ ನೂರಾರು ಸೂರ್ಯಬಿಂಬಗಳನ್ನು ತುಳಿದುಕೊಂಡೇ ಪರೀಕ್ಷಾ ಕೊಠಡಿಗೆ ಹೋಗುತ್ತಾರೆ. ಶಾಸ್ತ್ರವು ಅಂಕಪಟ್ಟಿಯಲ್ಲಿಯೇ ನಿಂತುಹೋದರೆ, ಅಂಕ ಕಡಿಮೆಯಾದ ದಿನ ಅವರ ಪಾಲಿಗೆ ಅದರಲ್ಲಿ ಏನೂ ಉಳಿಯುವುದಿಲ್ಲ.

ವಿದ್ಯಾರ್ಥಿ ಮಿತ್ರರೇ, ನಾಳೆಯೇ ಒಂದು ಹಾಳೆಯನ್ನೂ ಅಳತೆಪಟ್ಟಿಯನ್ನೂ ಹಿಡಿದು ಮರದಡಿ ನಿಲ್ಲಿ. ಸೂರ್ಯನನ್ನು ನೇರವಾಗಿ ಮಾತ್ರ ನೋಡಬೇಡಿ. ನೊಂದ ಗೆಳೆಯನೊಬ್ಬನಿದ್ದರೆ ಅವನಿಗೆ ಉಪದೇಶ ಹೇಳುವ ಬದಲು ಜೊತೆಯಲ್ಲಿ ಕರೆದೊಯ್ಯಿರಿ. ಹಾಳೆಯನ್ನು ಅವನು ಹಿಡಿದಿರಲಿ, ನೀವು ಅಳೆಯಿರಿ.