ಹಸಿರು ಬೆಲ್ಟಿನ ಹುಡುಗಿ

ಕಾಲಕಾಲೇಶ್ವರನ ದರ್ಶನ ಮುಗಿಸಿಕೊಂಡು ಗಜೇಂದ್ರಗಡದಲ್ಲಿರುವ ಪರಿಚಯದ ನೇಕಾರರೊಬ್ಬರ ಮನೆಗೆ ಹೋಗಿದ್ದೆ. ಅಲ್ಲೊಂದು ಪಂಚಾಯ್ತಿ ನಡೆದಿತ್ತು. ಆರೋಪಿಯ ಸ್ಥಾನದಲ್ಲಿ ನಿಂತಿದ್ದವಳು ಒಂಬತ್ತನೆಯ ತರಗತಿಯ ಮಗಳು. ಕೈಯಲ್ಲಿ ಮಡಿಸಿದ ಬಿಳಿಯ ಸಮವಸ್ತ್ರ, ಅದರ ಮೇಲೆ ಸುತ್ತಿಟ್ಟ ಹಸಿರು ಬೆಲ್ಟು.

‘ನೀವರ ಹೇಳ್ರಿ ಸರ’ ಎಂದರು ತಂದೆ. ‘ಈ ಟೇಕ್ವಾಂಡೊ ಕಲಿಯಾಕ ಹತ್ತಿ ಎರಡು ವರ್ಷ ಆತು. ಇನ್ನೂ ಹಸಿರ ಬೆಲ್ಟ. ನಮ್ಮ ಬೀಗರ ಹುಡುಗ ಬ್ಯಾರೆ ಊರಾಗ ಒಂದ ವರ್ಷಕ್ಕ ಕರಿ ಬೆಲ್ಟ ಕಟ್ಟಿಕೊಂಡ. ಅವಗ ಹತ್ತು ವರ್ಷ. ಮುಂದಿನ ವರ್ಷ ಇಕಿದು ಎಸ್ಸೆಸ್ಸೆಲ್ಸಿ. ಮ್ಯಾಲೆ ಹೆಣ್ಣ ಹುಡುಗಿ, ಕಾಲಿಗೆ ಪೆಟ್ಟಾದ್ರ? ಬಿಡಸೂದ ಛಲೋ ಅಲ್ಲೇನ್ರಿ?’

ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು. ಅಡುಗೆಮನೆಯಿಂದ ತಾಯಿಯ ಮಾತು ಕೇಳಿಸಿತು: ‘ಮೊದಲ ಮಂದಿ ಮುಂದ ನಿಂತು ಮಾತಾಡಾಕ ಅಂಜತಿದ್ಲು. ಈಗ ಅಂಜೂದಿಲ್ಲ. ಅದನ್ನೂ ಲೆಕ್ಕಕ್ಕ ಹಿಡೀರಿ.’

ಇಂಥ ಪಂಚಾಯ್ತಿ ಅನೇಕರ ಮನೆಯಲ್ಲಿ ನಡೆಯುತ್ತಿರುತ್ತದೆ. ಆದ್ದರಿಂದ ಅಂದು ಅವರಿಗೆ ಹೇಳಿದ ಮಾತುಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಟೇಕ್ವಾಂಡೊ ಕೊರಿಯಾದ ವಿದ್ಯೆ. ‘ಟೇ’ ಎಂದರೆ ಕಾಲು, ‘ಕ್ವಾನ್’ ಎಂದರೆ ಮುಷ್ಟಿ, ‘ಡೊ’ ಎಂದರೆ ಮಾರ್ಗ. ಈ ಹೆಸರು ಬಂದದ್ದು 1955ರಲ್ಲಿ. 1972ರಲ್ಲಿ ಸೋಲ್ ನಗರದಲ್ಲಿ ಇದರ ಕೇಂದ್ರವಾದ ಕುಕ್ಕಿವಾನ್ ತಲೆಯೆತ್ತಿತು. ಮರುವರ್ಷ ವಿಶ್ವ ಒಕ್ಕೂಟ ಹುಟ್ಟಿತು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನದ ಆಟವಾಗಿದ್ದದ್ದು 2000ದ ಸಿಡ್ನಿಯಲ್ಲಿ ಪದಕದ ಆಟವಾಯಿತು. ನಮ್ಮ ದೇಶಕ್ಕೆ ಇದನ್ನು 1970ರ ದಶಕದಲ್ಲಿ ತಂದ ಜಿಮ್ಮಿ ಜಗತಿಯಾನಿ ಅವರು ನೆಲೆ ಮಾಡಿಕೊಂಡದ್ದು ಬೆಂಗಳೂರಿನಲ್ಲಿ. 2002ರ ಬುಸಾನ್ ಏಷ್ಯನ್ ಕ್ರೀಡಾಕೂಟದಲ್ಲಿ ಸುರೇಂದ್ರ ಭಂಡಾರಿ ಕಂಚು ಗೆದ್ದರು. 2021ರಲ್ಲಿ ನಡೆದ ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಹರಿಯಾಣದ ಅರುಣಾ ತನ್ವರ್ ಭಾರತದ ಪರವಾಗಿ ಈ ಆಟದ ಕಣಕ್ಕಿಳಿದರು.

ಇನ್ನು ಬೆಲ್ಟಿನ ಮಾತು. ಬಿಳಿಯಿಂದ ಹೊರಟು ಹಳದಿ, ಹಸಿರು, ನೀಲಿ, ಕೆಂಪು ದಾಟಿ ಕಪ್ಪಿಗೆ ಹೋಗಬೇಕು. ದಾರಿಯಲ್ಲಿ ‘ತೆಗುಕ್’ ಎಂಬ ಹೆಸರಿನ ಎಂಟು ಪೂಮ್ಸೆಗಳನ್ನು ಕಲಿಯಬೇಕು. ಪೂಮ್ಸೆ ಎಂದರೆ ಎದುರಾಳಿ ಇದ್ದಾನೆಂದು ಭಾವಿಸಿ, ಗೊತ್ತಾದ ಕ್ರಮದಲ್ಲಿ ಮಾಡುವ ತಡೆ, ಹೊಡೆತ, ಒದೆತಗಳ ವರಸೆ. ಹದಿನೈದು ತುಂಬದ ಮಕ್ಕಳಿಗೆ ಕುಕ್ಕಿವಾನ್ ‘ಡಾನ್’ ದರ್ಜೆ ಕೊಡುವುದಿಲ್ಲ; ಕೊಡುವುದು ‘ಪೂಮ್’. ಅದರ ಬೆಲ್ಟು ಅರ್ಧ ಕೆಂಪು, ಅರ್ಧ ಕಪ್ಪು. ಹತ್ತು ವರ್ಷದ ಬಾಲಕ ಅಚ್ಚ ಕಪ್ಪು ಬೆಲ್ಟು ಕಟ್ಟಿಕೊಂಡು ಬಂದರೆ ಅದನ್ನು ಕೊಟ್ಟ ಸಂಸ್ಥೆ ಯಾವುದು, ಅದರ ನಿಯಮವೇನು ಎಂದು ಕೇಳುವ ಹಕ್ಕು ಪಾಲಕರಿಗಿದೆ. ಕೊರಿಯಾದ ಮಕ್ಕಳು ದಿನವೂ ಅಭ್ಯಾಸ ಮಾಡಿ ಬೇಗನೆ ಪೂಮ್ ಪಡೆಯುವುದುಂಟು. ಆದರೆ ಅಲ್ಲಿ ಮೊದಲ ದರ್ಜೆಯೆಂದರೆ ಅಕ್ಷರಾಭ್ಯಾಸ ಮುಗಿಯಿತು, ಪಾಠ ಇನ್ನು ಶುರು ಎಂದು ಅರ್ಥ. ಒಂದನೆಯ ಡಾನ್‌ನಿಂದ ಎರಡಕ್ಕೆ ಕನಿಷ್ಠ ಒಂದು ವರ್ಷ, ಎರಡರಿಂದ ಮೂರಕ್ಕೆ ಎರಡು ವರ್ಷ, ಮೂರರಿಂದ ನಾಲ್ಕಕ್ಕೆ ಮೂರು ವರ್ಷ ಕಾಯಬೇಕು. ಮೇಲೆ ಹೋದಷ್ಟೂ ಕಾಯುವುದು ಹೆಚ್ಚು.

ಹಾಗಾದರೆ ಎರಡು ವರ್ಷದಲ್ಲಿ ಈ ಹುಡುಗಿ ಕಲಿತದ್ದೇನು? ‘ಒಂದು ಒದೆತ ತೋರಿಸವ್ವಾ’ ಎಂದೆ. ಅಂಗಳದ ಬಾಗಿಲ ಮುಂದೆ ನಿಂತು ನಡು ಬಗ್ಗಿಸಿ ವಂದಿಸಿದಳು. ಮರುಗಳಿಗೆ ಬಲಗಾಲು ಚಿಲಕದ ಎತ್ತರಕ್ಕೆ ಹಾರಿತು. ಬಾಗಿಲಿಗೆ ಇನ್ನೂ ಗೇಣು ದೂರವಿರುವಾಗಲೇ ನಿಂತಿತು. ಹಾಗೆಯೇ ಒಂಟಿ ಕಾಲಿನ ಮೇಲೆ ನಿಂತು ‘ಹಾನಾ, ದುಲ್, ಸೆಟ್, ನೆಟ್, ದಾಸೊಟ್’ ಎಂದು ಕೊರಿಯಾ ಭಾಷೆಯಲ್ಲಿ ಐದರವರೆಗೆ ಎಣಿಸಿದಳು. ಬಾಗಿಲು ಅಲುಗಲಿಲ್ಲ. ಅವಳೂ ಅಲುಗಲಿಲ್ಲ.

ಕಾಲೆತ್ತಿ ಒದೆಯಲು ವಾರ ಸಾಕು. ಬೀಸಿದ ಕಾಲನ್ನು ಬೇಕೆಂದ ಕಡೆ ನಿಲ್ಲಿಸುವುದಕ್ಕೆ ವರ್ಷಗಳು ಬೇಕು. ಈ ಆಟದ ಸ್ಪರ್ಧೆಯ ನಿಯಮವೂ ಅದನ್ನೇ ಬೇಡುತ್ತದೆ. ಮುಖಕ್ಕೆ ಮುಷ್ಟಿಯಿಂದ ಹೊಡೆಯುವಂತಿಲ್ಲ, ಸೊಂಟದ ಕೆಳಗೆ ಒದೆಯುವಂತಿಲ್ಲ. ತಪ್ಪಿದರೆ ಅಂಕ ಎದುರಾಳಿಗೆ. ನಮ್ಮ ಗರಡಿಮನೆಯ ಉಸ್ತಾದರು ಕೂಡ ಹೊಸ ಹುಡುಗನನ್ನು ನೇರ ಕುಸ್ತಿಗೆ ಬಿಡುತ್ತಿರಲಿಲ್ಲ. ಮಣ್ಣು ಹದ ಮಾಡಿಸಿ, ಸಾಮು ತೆಗೆಸಿ, ಪೈಲ್ವಾನನಾದವನು ಬೀದಿಯಲ್ಲಿ ಕೈ ಮಾಡಬಾರದೆಂದು ಬುದ್ಧಿ ಹೇಳಿದ ಮೇಲೆಯೇ ಪಟ್ಟು ಕಲಿಸುತ್ತಿದ್ದರು.

ಹೆಣ್ಣುಮಕ್ಕಳ ಪಾಲಕರಿಗೆ ಇನ್ನೊಂದು ಮಾತು. ಸಮಗ್ರ ಶಿಕ್ಷಣ ಯೋಜನೆಯಡಿ ಸರ್ಕಾರಿ ಶಾಲೆಗಳ ಹುಡುಗಿಯರಿಗೆ ಮೂರು ತಿಂಗಳ ಆತ್ಮರಕ್ಷಣೆ ತರಬೇತಿ ಉಂಟು. ಅದು ವಿದ್ಯೆಯ ರುಚಿ ತೋರಿಸುತ್ತದೆ. ರುಚಿ ಹತ್ತಿದವಳಿಗೆ ಮುಂದುವರಿಯಲು ಮನೆಯವರ ಒಪ್ಪಿಗೆ ಬೇಕು. ಆದರೆ ಬೆಲ್ಟು ಕಟ್ಟಿದ ಮಾತ್ರಕ್ಕೆ ಮಗಳಿಗೆ ಯಾವ ಭಯವೂ ಇಲ್ಲವೆಂದು ತಿಳಿಯಬೇಡಿ. ಆಪತ್ತು ಬಂದಾಗ ಮೊದಲ ಪಾಠ ಕೂಗುವುದು, ಓಡುವುದು. ಒದೆಯುವುದು ದಾರಿಯೇ ಇಲ್ಲದಾಗ.

ತರಗತಿಗೆ ಸೇರಿಸುವ ಮುನ್ನ ಒಂದು ಸಂಜೆ ನೀವೇ ಹೋಗಿ ಕುಳಿತು ನೋಡಿ. ಮೈ ಬೆಚ್ಚಗಾಗುವ ವ್ಯಾಯಾಮ ಮಾಡಿಸುತ್ತಾರೆಯೇ? ಜೋಡಿಯಾಗಿ ಆಡುವಾಗ ತಲೆಗೆ, ಎದೆಗೆ ರಕ್ಷಾಕವಚ ಇದೆಯೇ? ಬೆಲ್ಟಿನ ಪರೀಕ್ಷೆ ವರ್ಷಕ್ಕೆ ಎಷ್ಟು ಸಲ, ಫೀ ಎಷ್ಟು? ಪ್ರಮಾಣಪತ್ರದ ಮೇಲೆ ಯಾವ ಸಂಸ್ಥೆಯ ಮುದ್ರೆ ಇರುತ್ತದೆ? ಈ ಆಟದ ಅಧಿಕೃತ ಸಂಸ್ಥೆ ತಾವೇ ಎಂದು ನಮ್ಮ ದೇಶದಲ್ಲಿ ಒಂದಕ್ಕಿಂತ ಹೆಚ್ಚು ಸಂಘಗಳು ಜಗಳವಾಡಿದ್ದುಂಟು. ಎಲ್ಲ ಕಾಗದಕ್ಕೂ ಕ್ರೀಡಾ ಕೋಟಾದಲ್ಲಿ ಬೆಲೆ ಇರುವುದಿಲ್ಲ. ಶಾಲೆಯಲ್ಲಿ ಗೆಳೆಯನನ್ನು ಒದ್ದು ಬಂದ ಶಿಷ್ಯನನ್ನು ಏನು ಮಾಡುತ್ತೀರಿ ಎಂದೂ ಗುರುಗಳನ್ನು ಕೇಳಿ. ಆ ಉತ್ತರದಲ್ಲಿ ಅವರ ಗುರುತನ ತಿಳಿಯುತ್ತದೆ.

ಉಳಿದದ್ದು ಎಸ್ಸೆಸ್ಸೆಲ್ಸಿ. ವಿದ್ಯಾರ್ಥಿಗಳೇ, ಪರೀಕ್ಷೆಯ ವರ್ಷ ಪಂದ್ಯಾವಳಿಗಳನ್ನು ಬಿಡಿ, ಅಭ್ಯಾಸವನ್ನು ಪೂರ್ತಿ ಬಿಡಬೇಡಿ. ವಾರಕ್ಕೆ ಎರಡು ಸಂಜೆ ಒಂದೊಂದು ತಾಸು ಮೈ ಬಳಲಿದರೆ ರಾತ್ರಿ ನಿದ್ದೆ ಬರುತ್ತದೆ, ಬೆಳಿಗ್ಗೆ ಪುಸ್ತಕ ಹಿಡಿಯಲು ಮನಸ್ಸಾಗುತ್ತದೆ. ಆದರೆ ಗಣಿತದ ಲೆಕ್ಕ ಬಿಡಿಸದೆ ಟೇಕ್ವಾಂಡೊದ ನೆಪ ಹೇಳಿದರೆ ನಿಮ್ಮ ಪರ ವಕಾಲತ್ತು ವಹಿಸಲು ನಾನು ಬರುವುದಿಲ್ಲ.

ಇಷ್ಟು ಹೇಳಿ ಚಹಾದ ಬಟ್ಟಲು ಕೆಳಗಿಟ್ಟೆ. ತಂದೆ ಬಹಳ ಹೊತ್ತು ಮಗ್ಗದ ಕಡೆ ನೋಡುತ್ತಿದ್ದರು. ಆಮೇಲೆ ಕೇಳಿದರು: ‘ಒದಿಯೂದಕ್ಕಿಂತ ತಡಿಯೂದ ತ್ರಾಸು ಅಂತೀರಿ, ಹೌದಲ್ರಿ?’

‘ಹೌದು’ ಎಂದೆ.

‘ನಮ್ಮದೂ ಹಂಗ ಐತ್ರಿ. ಹಾಸು ಬಿಗಿ ಇಲ್ಲಂದ್ರ ಎಂಥಾ ಬಣ್ಣದ ಹೊಕ್ಕು ಹಾಕಿದ್ರೂ ಸೀರಿ ನಿಲ್ಲೂದಿಲ್ಲ’ ಎಂದವರು ಮಗಳ ಕಡೆ ತಿರುಗಿದರು. ‘ವಾರಕ್ಕ ಎರಡು ದಿನ. ಲೆಕ್ಕದಾಗ ಕಡಿಮಿ ಬಿದ್ರ ಬಂದ್. ತಿಳೀತಿಲ್ಲೋ?’

ಹುಡುಗಿ ಬಾಗಿಲಿಗೆ ವಂದಿಸಿದಂತೆಯೇ ಅಪ್ಪನಿಗೂ ನಡು ಬಗ್ಗಿಸಿ ವಂದಿಸಿ, ಸಮವಸ್ತ್ರ ಎತ್ತಿಕೊಂಡು ಹೊರಟಳು. ಆಗಲೇ ಐದೂವರೆಯಾಗಿತ್ತು.