ಅಡುಗೆಮನೆ ನಡುವೆ ಕಟ್ಟೆ ಕಟ್ಟುವ ಮೊದಲು ಬುಟ್ಟಿ ಹಿಡಿದು ಒಮ್ಮೆ ಅಡ್ಡಾಡಿ

ಹೋದ ತಿಂಗಳು ಅರಕೇರಿಯಲ್ಲಿ ಪರಿಚಯದವರೊಬ್ಬರ ಹೊಸ ಮನೆಯ ವಾಸ್ತುಶಾಂತಿಗೆ ಹೋಗಿದ್ದೆವು. ಯಜಮಾನರು ಮೊದಲು ಕರೆದೊಯ್ದು ತೋರಿಸಿದ್ದು ದೇವರ ಕೋಣೆಯನ್ನಲ್ಲ, ಅಡುಗೆಮನೆಯನ್ನು. ನಟ್ಟನಡುವೆ ಕರಿ ಗ್ರಾನೈಟಿನ ಕಟ್ಟೆ. ಯಾವ ಗೋಡೆಗೂ ಹತ್ತಿಲ್ಲ, ಸುತ್ತಲೂ ತಿರುಗಬಹುದು. "ಇದಕ್ಕ ಐಲ್ಯಾಂಡ್ ಅಂತಾರ್ರೀ, ಮೊಬೈಲ್‌ನ್ಯಾಗ ನೋಡಿ ಮಾಡಿಸೇವಿ" ಅಂದರು. ನೋಡಲು ಚಂದವೇ ಇತ್ತು, ಸುಳ್ಳು ಹೇಳುವುದಿಲ್ಲ.

ಅಷ್ಟರಲ್ಲಿ ಹುಗ್ಗಿಯ ಪಾತ್ರೆಯನ್ನು ಆ ಕಡೆ ಈ ಕಡೆ ಹಿಡಿದು ಇಬ್ಬರು ಹೆಣ್ಣುಮಕ್ಕಳು ಒಳಗೆ ಬಂದರು. ಕಟ್ಟೆಗೂ ಫ್ರಿಡ್ಜಿಗೂ ನಡುವೆ ಪಾತ್ರೆ ಹಾಯಲಿಲ್ಲ. ನಾವು ಹೊರಗೆ ಬಂದೆವು, ಯಜಮಾನರೂ ಹೊರಗೆ ಬಂದರು, ಆಮೇಲೆ ಬಿಸಿ ಪಾತ್ರೆಯನ್ನು ಎದೆಯೆತ್ತರ ಎತ್ತಿ ಕಟ್ಟೆಯ ಮೇಲಿನಿಂದ ದಾಟಿಸಿದರು. ಹಿತ್ತಲಿಗೆ ಹೋದರೆ ಮನೆಯ ಆಯಿ ಮೂರು ಕಲ್ಲು ಹೂಡಿ ರೊಟ್ಟಿ ಬಡಿಯುತ್ತಾ ಕೂತಿದ್ದರು. "ಯಾಕ ಆಯಿ, ಒಳಗ ಹೊಸಾ ಮನಿ ಐತಲ್ಲ?" ಅಂದೆವು. "ಒಳಗ ಕುಂಡ್ರಾಕ ಜಾಗಾ ಎಲ್ಲೈತೋ ತಮ್ಮಾ" ಅಂದರು.

ತಿಕೋಟಾ, ಬಬಲೇಶ್ವರ ಕಡೆ ದ್ರಾಕ್ಷಿ ಕೈ ಹಿಡಿದ ಮನೆಗಳು ಹಳೆ ಮಣ್ಣಿನ ಮಾಳಗಿ ಕೆಡವಿ ಸ್ಲ್ಯಾಬ್ ಹಾಕಿಸುತ್ತಿವೆ. ಹಾಕಿಸಲಿ. ನಮ್ಮ ತಕರಾರು ಆ ನಡುವಿನ ಕಟ್ಟೆಯ ಬಗ್ಗೆ, ಅದಕ್ಕಿಂತ ಹೆಚ್ಚಾಗಿ ಅದರ ಸುತ್ತ ಬಿಡದ ಹಾದಿಯ ಬಗ್ಗೆ. ನಮ್ಮ ಕಡೆಯ ಹತ್ತು-ಹನ್ನೆರಡು ಅಡಿಯ ಅಡುಗೆಮನೆಗೆ ಇದು ಬೇಡ ಅನ್ನುವುದು ನಮ್ಮ ಅಭಿಪ್ರಾಯ. ಲೆಕ್ಕ ಹಾಕಿಯೇ ಹೇಳುತ್ತೇವೆ.

ಐಲ್ಯಾಂಡ್ ಕಟ್ಟೆ ಬಂದದ್ದು ದೊಡ್ಡ ಮನೆಗಳ ದೇಶದಿಂದ. ಅಮೆರಿಕದಲ್ಲಿ ಅಡುಗೆಮನೆ ವಿನ್ಯಾಸ ಮಾಡುವವರದ್ದೇ ಒಂದು ಸಂಘವಿದೆ. ಅವರ ಪ್ರಕಾರ ಬರೀ ಹಾದುಹೋಗುವ ದಾರಿ 36 ಇಂಚು, ಒಬ್ಬರು ನಿಂತು ಅಡುಗೆ ಮಾಡುವ ಜಾಗ 42 ಇಂಚು, ಇಬ್ಬರಾದರೆ 48 ಇಂಚು ಇರಬೇಕು. ಅಂದರೆ ಮೂರು ಅಡಿ, ಮೂರೂವರೆ ಅಡಿ, ನಾಲ್ಕು ಅಡಿ. ಈಗ ನಮ್ಮ ಮನೆಗೆ ಬನ್ನಿ. ಗವಂಡಿ "12 ಅಡಿ ಅಗಲ" ಅಂದಾಗ ಅದು ಹೊರಗಿನ ಅಳತೆಯೋ ಒಳಗಿನದೋ ಎಂದು ಕೇಳುವವರು ಕಡಿಮೆ. ಹೊರಗಿನದಾದರೆ 9 ಇಂಚಿನ ಎರಡು ಗೋಡೆ ಕಳೆದು ಒಳಗೆ ಉಳಿಯುವುದು ಹತ್ತೂವರೆ ಅಡಿ. ಪ್ಲಾಸ್ಟರ್ ಬೇರೆ. ಗೋಡೆಗೆ ಹತ್ತಿದ ಗ್ಯಾಸ್ ಕಟ್ಟೆ ಎರಡು ಅಡಿ, ನಡುವಿನ ಕಟ್ಟೆ ಎರಡೂವರೆ ಅಡಿ. ಎದುರು ಗೋಡೆಗೆ ಫ್ರಿಡ್ಜ್ ಇಟ್ಟರೆ ಇನ್ನೆರಡು ಅಡಿ ಹೋಯಿತು. ಉಳಿದದ್ದು ನಾಲ್ಕು ಅಡಿ, ಅದನ್ನು ಎರಡು ಬದಿಗೆ ಹಂಚಬೇಕು. ಬದಿಗೆ ಎರಡು ಅಡಿ. ಫ್ರಿಡ್ಜಿನ ಬಾಗಿಲು ಪೂರ್ತಿ ತೆರೆದರೆ ಆ ಎರಡು ಅಡಿಯೂ ಅದಕ್ಕೇ. ವಾಸ್ತುಶಾಂತಿಯ ದಿನ ಪಾತ್ರೆ ಸಿಕ್ಕಿಬಿದ್ದದ್ದು ಇಲ್ಲೇ.

ನಮ್ಮ ದೇಶದ ರಾಷ್ಟ್ರೀಯ ಕಟ್ಟಡ ಸಂಹಿತೆ ಇದಕ್ಕಿಂತ ನಮಗೆ ಹತ್ತಿರದ ಮಾತು ಹೇಳುತ್ತದೆ. ಊಟಕ್ಕೆ ಬೇರೆ ಜಾಗವಿದ್ದರೆ ಅಡುಗೆಮನೆ ಕನಿಷ್ಠ 5 ಚದರ ಮೀಟರ್, ಅಗಲ 1.8 ಮೀಟರಿಗೆ ಕಡಿಮೆ ಇರಬಾರದು. ಊಟವೂ ಅಲ್ಲೇ ಆದರೆ 7.5 ಚದರ ಮೀಟರ್, ಅಗಲ 2.1 ಮೀಟರ್. 1.8 ಮೀಟರ್ ಅಂದರೆ ಸುಮಾರು ಆರು ಅಡಿ. ಒಂದು ಬದಿ ಎರಡು ಅಡಿಯ ಕಟ್ಟೆ ಕಟ್ಟಿದರೆ ನಾಲ್ಕು ಅಡಿ ಉಳಿಯುತ್ತದೆ, ಅತ್ತೆ-ಸೊಸೆ ಇಬ್ಬರೂ ಮೈ ತಾಗದೆ ಕೆಲಸ ಮಾಡಬಹುದು. ಆಸೆಗೆ ಬಿದ್ದು ಎರಡೂ ಬದಿ ಕಟ್ಟೆ ಕಟ್ಟಿಸಿದರೆ ಉಳಿಯುವುದು ಎರಡೇ ಅಡಿ. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯ ಮನೆಗೆ ಅಡುಗೆ ಜಾಗವೂ ಸೇರಿ ಕನಿಷ್ಠ ಅಳತೆ 25 ಚದರ ಮೀಟರ್. ಅಂಥ ಮನೆ ಕಟ್ಟುವವರಿಗೆ ಐಲ್ಯಾಂಡಿನ ಚಿಂತೆ ಇರುವುದಿಲ್ಲ, ಆದರೆ ಈ ಆರು ಅಡಿ-ಎರಡು ಅಡಿಯ ಲೆಕ್ಕ ಅವರಿಗೇ ಹೆಚ್ಚು ಬೇಕು.

ಹೆಜ್ಜೆ ಅಳೆದು ಅಡುಗೆಮನೆ ಕಟ್ಟುವುದು ಹೊಸ ವಿಚಾರವೇನಲ್ಲ. 1926ರಲ್ಲಿ ಮಾರ್ಗರೆಟೆ ಶ್ಯೂಟೆ-ಲಿಹೊಟ್ಸ್ಕಿ ಎಂಬ ಆಸ್ಟ್ರಿಯಾದ ಮಹಿಳಾ ವಾಸ್ತುಶಿಲ್ಪಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಕೆಲಸಗಾರರ ಮನೆಗಳಿಗೆ ಒಂದು ಅಡುಗೆಮನೆ ರೂಪಿಸಿದರು. ಅಗಲ 1.9 ಮೀಟರ್, ಉದ್ದ 3.4 ಮೀಟರ್. ಹೆಣ್ಣುಮಕ್ಕಳ ಕಾಲುನೋವು ಕಡಿಮೆಯಾಗಲಿ ಎಂದು ಎಲ್ಲವೂ ಕೈಗೆ ಸಿಗುವಂತೆ ಜೋಡಿಸಿದ್ದರು. ಅದಕ್ಕೂ ಒಂದು ದೂರು ಬಂತು: ಒಬ್ಬರಿಗೆ ಸರಿ, ಇನ್ನೊಬ್ಬರು ಕೈಗೂಡಿಸಲು ಜಾಗವಿಲ್ಲ ಎಂದು.

ನಮ್ಮ ಕಡೆ ಆ ಇನ್ನೊಬ್ಬರು ಇರಲೇಬೇಕು. ಜೋಳದ ರೊಟ್ಟಿ ನಿಂತು ಬಡಿಯುವವರು ಈಗ ಇದ್ದಾರೆ, ಆದರೆ ಆಯಿಯಂಥವರಿಗೆ ಕೂತರೇ ಕೈ ಓಡುವುದು. ನಮ್ಮ ಮನೆಯಲ್ಲೇ ಅವ್ವನನ್ನು ಕೂರಿಸಿ ಟೇಪು ಹಿಡಿದು ಅಳೆದೆವು. ಒಲೆ, ಪರಾತ, ಹಿಟ್ಟಿನ ಬುಟ್ಟಿ, ಬೆನ್ನ ಹಿಂದೆ ಒಬ್ಬರು ದಾಟುವಷ್ಟು ಜಾಗ ಎಲ್ಲ ಸೇರಿ ಐದು ಅಡಿ ಬೇಕಾಯಿತು. (ಅಳೆಯುವಾಗ ಅವ್ವ ನಮಗೆ ಬೈದದ್ದು ಇಲ್ಲಿ ಬೇಡ.) ಅಮೋಘಸಿದ್ಧನ ಜಾತ್ರೆ ಬಂತು, ಮನೆಯಲ್ಲಿ ಮದುವೆ ಬಂತು ಅಂದರೆ ಓಣಿಯ ನಾಲ್ಕೈದು ಜನ ಬಂದು ಸಾಲಾಗಿ ಕೂತು ಬುಟ್ಟಿಗಟ್ಟಲೆ ಖಡಕ್ ರೊಟ್ಟಿ ಬಡಿಯುತ್ತಾರೆ. ಅಡುಗೆಮನೆಯ ನಡುವಿನ ನೆಲ ಖಾಲಿ ಬಿದ್ದ ಜಾಗ ಎಂದು ನಕ್ಷೆ ಬರೆಯುವವರಿಗೆ ಕಾಣುತ್ತದೆ. ಕೆಲಸ ಮಾಡುವವರಿಗೆ ಅದೇ ಕೆಲಸದ ಜಾಗ.

ಗ್ಯಾಸಿನ ಮಾತು ಇನ್ನೂ ಗಂಭೀರ. ಕೆಲವರು ಒಲೆಯನ್ನೇ ನಡುವಿನ ಕಟ್ಟೆಗೆ ತರುತ್ತಾರೆ. ಸಿಲಿಂಡರಿನಿಂದ ಒಲೆಗೆ ಬರುವ ರಬ್ಬರ್ ಪೈಪು ಒಂದೂವರೆ ಮೀಟರ್ ಮೀರಬಾರದು, ನಡುವೆ ಜೋಡಿಸಬಾರದು, ಕಾಲಿಗೆ ತೊಡರುವಂತೆ ನೆಲದ ಮೇಲೆ ಎಳೆಯಲೇಬಾರದು. ಹಾಗಾಗಿ ಸಿಲಿಂಡರನ್ನು ಕಟ್ಟೆಯ ಹೊಟ್ಟೆಯೊಳಗೇ ಇಟ್ಟು ಬಾಗಿಲು ಮುಚ್ಚುತ್ತಾರೆ. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ತಳದಲ್ಲೇ ನಿಲ್ಲುತ್ತದೆ. ಗಾಳಿಯಾಡದ ಪೆಟ್ಟಿಗೆಯಲ್ಲಿ ನಿಂತ ಗ್ಯಾಸಿಗೆ ಒಂದು ಕಿಡಿ ಸಾಕು. ಬೆಂಕಿ ಹತ್ತಿದಾಗ ಎರಡು ಅಡಿಯ ಹಾದಿಯಲ್ಲಿ ಸೀರೆ ಉಟ್ಟವರು ಯಾವ ಕಡೆ ಓಡಬೇಕು?

ಇಷ್ಟಾದರೂ ಕಟ್ಟೆ ಬೇಕೇ ಬೇಕು ಅನ್ನುವವರು ಒಳಗಿನ ಅಗಲ 12 ಅಡಿ ಇದ್ದರೆ ಮಾತ್ರ ಯೋಚಿಸಿ, ಫ್ರಿಡ್ಜನ್ನು ಪಡಸಾಲೆಗೆ ಕಳಿಸಿ, ಒಲೆಯನ್ನು ಗೋಡೆ ಬದಿಗೇ ಬಿಡಿ. ಇಲ್ಲದಿದ್ದರೆ ಗಾಲಿ ಇರುವ ಒಂದು ಮೇಜು ಸಾಕು, ರೊಟ್ಟಿ ಬಡಿಯುವ ದಿನ ಹೊರಗೆ ತಳ್ಳಬಹುದು. ಗ್ರಾನೈಟಿನ ಕಟ್ಟೆಯನ್ನು ತಳ್ಳಲಾಗುವುದಿಲ್ಲ.

ಅರಕೇರಿಯಲ್ಲೇ ಇನ್ನೊಂದು ಮನೆ ಪ್ಲಿಂಥ್ ಮಟ್ಟಕ್ಕೆ ಬಂದಿದೆ. ಅವರದ್ದೂ ಅದೇ ಆಸೆ. ಸುಣ್ಣದಲ್ಲಿ ಗೆರೆ ಹೊಡೆದು, ಕಟ್ಟೆಯ ಜಾಗದಲ್ಲಿ ಇಟ್ಟಂಗಿ ಪೇರಿಸಿ, ಮನೆಯ ಸೊಸೆಗೆ ರೊಟ್ಟಿ ಬುಟ್ಟಿ ಹಿಡಿದು ಅಡ್ಡಾಡಲು ಹೇಳಿ ಅಂದೆವು. ಆಕೆ ಒಂದು ಸುತ್ತು ಹಾಕಿದಳು. ಎರಡನೇ ಸುತ್ತಿಗೆ ಅತ್ತೆಯನ್ನೂ ಕರೆದಳು. ಇಬ್ಬರೂ ಎದುರುಬದುರಾಗಿ ನಿಂತು ನಕ್ಕರು. ಗವಂಡಿ ಇಟ್ಟಂಗಿ ತೆಗೆದು ಗೋಡೆ ಬದಿಗೆ ಪೇರಿಸಿದ.